ಬೆರಳುದ್ದದ ವೈರು

ಆ ದಿನಗಳೇ ಚೆಂದ ಎಂದು ಯಾರಾದರೂ ಶುರು ಮಾಡಿದರೆ, ಯಾವ ಆಧಾರದ ಮೇಲೆ ಎಂದು ಕೇಳುವವಳು ನಾನು. ಆದರೆ ಆರನೇ ತರಗತಿ ಮುಗಿದ ಆ ಬೇಸಿಗೆ ರಜೆ, ಅದರ ಮೊದಲ ಹದಿನೈದು ದಿನವಾದರೂ, ಖರೆ ಚೆಂದವಿತ್ತು.

ಗೋಕಾಕದ ನಮ್ಮ ಮನೆಗೆ ಹುಕ್ಕೇರಿಯ ಅತ್ತೆ ತಮ್ಮ ಹಳೆಯ ವಾಷಿಂಗ್ ಮಷಿನ್ ಕಳಿಸಿದ್ದರು. ತಗಡಿನ ಮೈ, ಬುಡಕ್ಕೆಲ್ಲ ತುಕ್ಕು. ವಾರಕ್ಕೊಮ್ಮೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಮೂಡಲಗಿಯಿಂದ ಕಾಕಾ ಬರುತ್ತಿದ್ದ. ಅಪ್ಪನ ತಮ್ಮ, ಹೊಲದ ಪಂಪುಗಳ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಅಂಗಿಗೆ ವಾರ್ನಿಷ್ ವಾಸನೆ, ಕೈಯಲ್ಲಿ ಎಣ್ಣೆ ಇಳಿದ ಕಾಗದದ ತುಂಬ ಮೆಣಸಿನಕಾಯಿ ಭಜಿ.

ನಮ್ಮದೊಂದು ಆಟವಿತ್ತು. ಪ್ಲಗ್ ಕಿತ್ತಿಟ್ಟು, ನನ್ನನ್ನು ಹೊರಗೆ ಕಳಿಸಿ, ಕಾಕಾ ಮಷಿನ್ನಿನ ಬೆನ್ನು ಬಿಚ್ಚಿ ಎಲ್ಲೋ ಒಂದು ವೈರು ಸಡಿಲ ಮಾಡುತ್ತಿದ್ದ. ಎರಡು ಸೆಲ್ಲು, ಒಂದು ಟಾರ್ಚಿನ ಬಲ್ಬು ಹಿಡಿದು ನಾನು ಅದನ್ನು ಹುಡುಕಬೇಕು. ಬಲ್ಬು ಹತ್ತಿದರೆ ದಾರಿ ಸರಿ. ಹತ್ತದಿದ್ದರೆ ಅಲ್ಲೇ ಕಡಿದಿದೆ.

"ಟೈಮರ್ ಕೆಟ್ಟೈತಿ ಕಾಕಾ."

"ಹೆಂಗ ಹೇಳ್ತಿ? ಕನಸ ಬಿದ್ದಿತ್ತೇನ?"

"ಹಂಗ ಅನಸ್ತೈತಿ."

"ಅನಿಸಿದ್ದು ನಿನ್ನ ಕಡೆ ಇಟ್ಕೋ. ಬಲ್ಬ್ ಏನಂತೈತಿ ಅದನ್ನ ಹೇಳ."

ಮುಂದೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದದ್ದೆಲ್ಲ ಈ ಒಂದು ಮಾತಿನ ಮೇಲೆ.

ಒಂದು ದಿನ ಬೆಳಿಗ್ಗೆ ಕರೆಂಟ್ ಆಫೀಸಿನವರು ಬಂದು ಕಂಬದಿಂದ ಮನೆಗೆ ಬರುವ ಹಳೆಯ ವೈರು ಬದಲಿಸಿ ಹೋದರು. ಮಧ್ಯಾಹ್ನ ಅವ್ವ ಹಸಿ ಕಾಲಲ್ಲಿ ನಿಂತು, ಬಟ್ಟೆ ತೆಗೆಯಲೆಂದು ಮಷಿನ್ ಮುಟ್ಟಿದಳು. ಚೀರಿದ್ದು ಕೇಳಿ ಓಡಿದರೆ ಗೋಡೆಗೆ ಒರಗಿ ಬಿದ್ದಿದ್ದಳು. ಬಲಗೈ ಬೆರಳು ಮಡಚಲಾಗುತ್ತಿರಲಿಲ್ಲ. ಅಪ್ಪ ಕಾಕಾನಿಗೆ ಫೋನ್ ಮಾಡಿ, ಅವ್ವನನ್ನು ದವಾಖಾನೆಗೆ ಕರೆದೊಯ್ದ.

ಮನೆಯಲ್ಲಿ ನಾನೊಬ್ಬಳೇ. ಸ್ವಿಚ್ ಆರಿಸಿಯೇ ಇತ್ತು, ಆದರೂ ಮಷಿನ್ನಿನ ಮೈಗೆ ಹಚ್ಚಿದ ಟೆಸ್ಟರ್ ಹತ್ತಿತು. ಪ್ಲಗ್ ಕಿತ್ತೆ, ಆರಿತು. ಅಂದಮೇಲೆ ತಪ್ಪು ಮಷಿನ್ನಿನದಲ್ಲ, ಗೋಡೆಯ ಬೋರ್ಡಿನದು. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇಲ್ಲದ ಮನೆ ನಮ್ಮದು. ಅರ್ಥ್ ವೈರು ಇರಬೇಕಾದ ಜಾಗವನ್ನು ಯಾರೋ ಹಿಂದೆಯೇ ಬೆರಳುದ್ದದ ವೈರಿನಿಂದ, ಕರೆಂಟು ವಾಪಸಾಗುವ ನ್ಯೂಟ್ರಲ್‌ಗೇ ಜೋಡಿಸಿಬಿಟ್ಟಿದ್ದರು. ಬೆಳಿಗ್ಗೆ ಕಂಬದ ಎರಡು ವೈರುಗಳು ಅದಲುಬದಲಾದದ್ದೇ ತಡ, ಆ ತುಂಡಿನ ಮೂಲಕ ಕರೆಂಟು ನೇರ ತಗಡಿಗೆ ಬಂದಿತ್ತು. ಇಷ್ಟು ವಿವರ ಆಮೇಲೆ ಓದಿ ತಿಳಿದದ್ದು. ಆ ತುಂಡು ಅಲ್ಲಿರಬಾರದು ಎಂಬುದು ಆಗಲೇ ತಿಳಿಯಿತು. ಅದಕ್ಕೆ ಹಳದಿ ಸ್ಲೀವಿನ ಕೊಳವೆ ತೊಡಿಸಿತ್ತು, ಮೋಟರು ಸುತ್ತುವವರು ಬಳಸುವಂಥದ್ದು. ಯಾರ ಕೈಕೆಲಸವೆಂದು ಗೊತ್ತಾಗಿಯೂ ಸಿಟ್ಟು ಬರಲಿಲ್ಲ. ಹುಡುಕಿದೆನಲ್ಲ ಎಂಬ ಹಿಗ್ಗೇ ಹೆಚ್ಚಿತ್ತು.

ಕಾಕಾ ಬಂದ. "ಫಾಲ್ಟ್ ಸಿಕ್ತು!" ಎಂದು ಕೈ ಹಿಡಿದು ಎಳೆದೊಯ್ದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಯಾರಿಗರೆ ಹೇಳೀಯೇನ?"

"ಇಲ್ಲ. ನಿನಗ ಮೊದಲ ತೋರಸಬೇಕಂತ ಕುಂತಿದ್ದೆ."

ಪಕ್ಕಡದಿಂದ ಎರಡೂ ತುದಿ ಕತ್ತರಿಸಿ ತುಂಡನ್ನು ಕಿಸೆಗೆ ಹಾಕಿಕೊಂಡ. ಶಾಭಾಷ್ ಅನ್ನುತ್ತಾನೆಂದು ನಾನು ಕಾಯುತ್ತಲೇ ಇದ್ದೆ.

ಅಪ್ಪ ಅವ್ವ ಬಂದರು. ಕಾಕಾ ಎದ್ದು ನಿಂತ. "ಅಣ್ಣಾ, ಈಕಿ ಬೋರ್ಡ್ ಬಿಚ್ಚಿ ವೈರ್ ಅದಲಾಬದಲಿ ಮಾಡಿದ್ಲು. ಈಗ ಸರಿ ಮಾಡೇನಿ. ಈಕಿಗೆ ಆಟ ಕಲಿಸಿದ್ದು ನಂದ ತಪ್ಪು."

ಆ ಕೊನೆಯ ಮಾತಿನಿಂದ ಉಳಿದದ್ದೆಲ್ಲ ನಿಜವಾಗಿಬಿಟ್ಟಿತು.

"ನಾ ಬಿಚ್ಚಿದ್ದು ಅವ್ವಗ ಶಾಕ್ ಹೊಡದ ಮ್ಯಾಲ!" ಎಂದೆ.

"ಅದನ್ನ ಯಾರ ನೋಡ್ಯಾರ?" ಎಂದ ಅಪ್ಪ.

"ಕಡದ ತುಂಡ ವೈರ್ ಕಾಕಾನ ಕಿಸೆದಾಗ ಐತಿ, ಕೈ ಹಾಕಿ ನೋಡಪಾ."

ಹಿರಿಯರ ಕಿಸೆ ತಡಕು ಎಂದರೆ ನಮ್ಮಲ್ಲಿ ಅವರನ್ನು ಕಳ್ಳ ಎಂದಂತೆ. ಕೆನ್ನೆಗೆ ಅಪ್ಪನ ಏಟು ಬಿತ್ತು. ಕಿಸೆ ಯಾರೂ ನೋಡಲಿಲ್ಲ. ಅವ್ವ ಬೈಯಲಿಲ್ಲ, "ನಾ ಸತ್ತಿದ್ರ ಏನ್ ಮಾಡಾಕಿದ್ದಿ?" ಎಂದಷ್ಟೇ ಕೇಳಿ, ಎಡಗೈಯಲ್ಲಿ ಕಾಕಾನಿಗೆ ಚಹಾ ಸೋಸಿದಳು. ಅವನು ಕುಡಿದ.

ಕಾಕಾನ ಪರವಾಗಿಯೂ ಎಷ್ಟೋ ಸಲ ವಾದಿಸಿ ನೋಡಿದ್ದೇನೆ. ಅರ್ಥಿಂಗ್ ಇಲ್ಲದ ಮನೆಗಳಲ್ಲಿ ಆಗ ಬಹಳ ಜನ ಹಾಗೇ ಮಾಡುತ್ತಿದ್ದರು. ಸ್ವಂತ ಅತ್ತಿಗೆಯನ್ನೇ ಕೊಲ್ಲುತ್ತಿದ್ದೆನೆಂದು ಒಪ್ಪಿಕೊಳ್ಳಲು ಎಂಟೆದೆ ಬೇಕು. ಹೆದರಿದ್ದ. ಇದೆಲ್ಲ ಒಪ್ಪತಕ್ಕ ವಾದವೇ. ಆದರೆ ಒಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಕತ್ತರಿಸುವ ಮೊದಲು, ಯಾರಿಗಾದರೂ ಹೇಳಿದ್ದೀಯಾ ಎಂದು ಕೇಳಿದನಲ್ಲ, ಅದು ಹೆದರಿದವನ ಮಾತೇ, ಲೆಕ್ಕ ಹಾಕಿದವನ ಮಾತೇ?

ಕಾಕಾ ಈಗಲೂ ಮನೆಗೆ ಬರುತ್ತಾನೆ. ಹೋದ ತಿಂಗಳು ಮಿಕ್ಸರ್ ಬಿಚ್ಚಿ ಕುಳಿತು, "ಪ್ಲಗ್ ತಗದೇನಿ, ಈ ವೈರ್ ಹಿಡಿ" ಎಂದ. ನಾನು ಎದ್ದು ಗೋಡೆಯ ಬೋರ್ಡಿನವರೆಗೆ ಹೋಗಿ, ನೋಡಿ ಬಂದು, ಆಮೇಲೆ ಹಿಡಿದೆ. ಪ್ಲಗ್ ತೆಗೆದೇ ಇತ್ತು. ಅವನು ತಲೆಯೆತ್ತಲಿಲ್ಲ. ಎಲ್ಲವನ್ನೂ ಪರೀಕ್ಷಿಸಿಯೇ ನಂಬುವ ಹುಡುಗಿ ಎಂದು ಜನ ನನ್ನನ್ನು ಹೊಗಳುತ್ತಾರೆ. ಅವನು ಹಿಡಿ ಎಂದರೆ ಕೈ ತಾನಾಗಿ ಮುಂದೆ ಹೋಗುತ್ತಿದ್ದ ಕಾಲವೊಂದಿತ್ತು ಎಂಬುದು ಅವನಿಗೂ ನನಗೂ ಮಾತ್ರ ಗೊತ್ತು.