ಕೈಯವ್ವನ ಊರು ಕುರುಗೋಡು

ಈರಮ್ಮನವರೇ, ಆ ಕಲ್ಲು ನಿಮ್ಮದೇ. ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿ ಕಟಕಟೆಯ ಆಚೆ ನಿಂತು ನೀವು ನೋಡಿದ್ದು ಕುರುಗೋಡಿನ ನಿಮ್ಮ ಕೈಯವ್ವನನ್ನೇ. ಅಲ್ಲ ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದವನು ನಾನು. ಬಾಯಿತಪ್ಪಿ ಬಂದ ಮಾತಲ್ಲ — ಗೊತ್ತಿದ್ದೇ ಹೇಳಿದೆ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಎರಡು ಕೋಣೆಯ ಆ ಸಂಗ್ರಹಾಲಯಕ್ಕೆ ಊರೂರು ತಿರುಗಿ ಹಳೆಯ ಶಿಲ್ಪ ಕೂಡಿಸುವ ಕೆಲಸ ನನ್ನದು. ಹಂಗಾಮಿ ಕೆಲಸ, ಆದರೆ ಮನಸ್ಸಿಟ್ಟು ಮಾಡುತ್ತಿದ್ದೆ. ಓದಲು ಮದರಾಸಿಗೆ ಹೋಗಿದ್ದಾಗ, ಬಿಸಿಲು ತಾಳದೆ ಅಲ್ಲಿನ ಮ್ಯೂಸಿಯಮ್ಮಿನೊಳಗೆ ನುಗ್ಗಿ, ಒಂದು ಕಂಚಿನ ವಿಗ್ರಹದೆದುರು ಊಟದ ಹೊತ್ತು ಮೀರುವವರೆಗೆ ನಿಂತಿದ್ದವನು ನಾನು. ಯಾರೂ ನನ್ನ ಜಾತಿ ಕೇಳಲಿಲ್ಲ, ಸರಿದು ನಿಲ್ಲು ಅನ್ನಲಿಲ್ಲ. ನಮ್ಮ ಬಳ್ಳಾರಿಯ ಜನಕ್ಕೂ ಇಂಥದೊಂದು ಜಾಗ ಬೇಕು — ಹಮಾಲಿ ಮಾಡುವವನೂ ಒಳಗೆ ಬಂದು ಚೆಂದದ ವಸ್ತುವೊಂದನ್ನು ಕಣ್ತುಂಬ ನೋಡಿ ಹೋಗಬೇಕು — ಎಂದು ಆಗಲೇ ತಲೆಗೆ ಹತ್ತಿತ್ತು. ಇವತ್ತಿಗೂ ಇಳಿದಿಲ್ಲ.

ಕುರುಗೋಡಿನಲ್ಲಿ ಹೊಲದ ಬದುವಿನ ಮೇಲೆ ನಿಮ್ಮ ಮಾಸ್ತಿಕಲ್ಲು ನಿಂತಿತ್ತು. ಗಂಡನ ಚಿತೆ ಏರಿದ ಯಾವಳೋ ಒಬ್ಬಳ ನೆನಪಿಗೆ ನೆಟ್ಟ ಕಲ್ಲು. ತಲೆತಲಾಂತರದ ಎಣ್ಣೆ ಕುಡಿದು ಕಪ್ಪು ಹೆಂಟೆಯಾಗಿ, ಬಳೆ ತೊಟ್ಟು ಮೇಲೆತ್ತಿದ ಕೈಯೊಂದು ಬಿಟ್ಟರೆ ಮಿಕ್ಕದ್ದೇನೂ ಕಾಣುತ್ತಿರಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಆ ಕೈಗೆ ಎಣ್ಣೆ ಹಚ್ಚಿ, ಅಂಗೈಗೆ ಅಂಗೈ ಕೂಡಿಸಿ ನಿಲ್ಲಬೇಕು. ಆಮೇಲೆ ಅಲ್ಲಿಂದ ಇಳಿದ ಎಣ್ಣೆಯನ್ನೇ ಅವಳ ಹೊಟ್ಟೆಗೆ ಸವರಬೇಕು. ಇದನ್ನೆಲ್ಲ ಗೌಡರು ನಗುತ್ತಾ ನನಗೆ ಹೇಳಿದರು, ಹೇಳಿದವರೇ ಬಂಡಿ ಕೊಟ್ಟು ಕಲ್ಲು ಹೇರಿಸಿದರು. ಹೆಂಗಸರನ್ನು ಒಂದು ಮಾತು ಕೇಳಬೇಕೆಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನೀವೆಲ್ಲ ಹತ್ತಿ ಬಿಡಿಸಲು ಹೋಗಿದ್ದಿರಿ.

ಬಳ್ಳಾರಿಗೆ ತಂದ ಮೇಲೆ ಬಿಸಿನೀರು, ಸೋಡಾ, ತೆಂಗಿನ ನಾರು — ಅಂಗೈ ಸುಲಿಯುವವರೆಗೆ ತಿಕ್ಕಿದೆ. ಎಣ್ಣೆಯ ಜಿಡ್ಡು ಪದರು ಪದರಾಗಿ ಎದ್ದು ಕಡೆಗೆ ಒಂದು ಮುಖ ಹೊರಬಂತು. ಸಣ್ಣ ಹೆಂಗಸು. ಕೆಳತುಟಿ ತುಸು ಕಚ್ಚಿಕೊಂಡಿದ್ದಾಳೆ, ಅಳು ತಡೆದವಳ ಹಾಗೆ. ಅಂಥ ತುಟಿಯನ್ನು ಕಲ್ಲಿನಲ್ಲಿ ನಾನು ಎಲ್ಲಿಯೂ ಕಂಡಿರಲಿಲ್ಲ. ಒಬ್ಬನೇ ಕೂತು ಅತ್ತೆ. ಆ ಅಳು ನಿಜದ್ದು. ಆದರೆ ಅದರ ಜೊತೆಗೇ ಒಂದು ಸೊಕ್ಕೂ ಹುಟ್ಟಿತು — ಇವಳನ್ನು ಕಂಡವನು ನಾನೊಬ್ಬನೇ, ಇವಳು ಇನ್ನು ನನ್ನವಳು ಎಂದು.

ಸಂಗ್ರಹಾಲಯ ತೆರೆಯುವ ದಿನ ಕಲೆಕ್ಟರ್ ಸಾಹೇಬರ ದಾರಿ ಕಾಯುತ್ತಿದ್ದೆವು. ನೆಲಕ್ಕೆ ಜಮಖಾನೆ ಹಾಸಿತ್ತು. ಶಿಲ್ಪಗಳ ಊರು ಬರೆದ ಹಲಗೆಗಳು ಪೇಂಟರ್ ಹತ್ತಿರ ಇನ್ನೂ ಒಣಗುತ್ತಿದ್ದವು. ಅಷ್ಟರಲ್ಲಿ ನೀವು ಬಂದಿರಿ. ಮಂಡಿಯವರೆಗೆ ಧೂಳು, ಸೆರಗಿನ ಮರೆಯಲ್ಲಿ ಎಣ್ಣೆಯ ಗಿಂಡಿ.

"ಯಪ್ಪಾ, ನಾ ಕುರುಗೋಡಿನ ಈರಮ್ಮರಿ. ನಮ್ಮ ಕೈಯವ್ವನ್ನ ಬಂಡ್ಯಾಗ ಇಲ್ಲಿಗೆ ತಂದಾರಂತ. ಎಲ್ಲಿ ಅದಾಳ್ರಿ?"

ನಾನು ಕೇಳದಿದ್ದರೂ ನೀವೇ ಹೇಳಿದಿರಿ — ಮಗಳಿಗೆ ದಿನ ತುಂಬುತ್ತಾ ಬಂದಿದೆ, ಕಾಲು ಬಾತಿವೆ, ಸೂಲಗಿತ್ತಿ ಮುಖ ಸಣ್ಣದು ಮಾಡಿದ್ದಾಳೆ, ಕೈಯವ್ವನ ಎಣ್ಣೆ ಒಂದಿಷ್ಟು ಒಯ್ದರೆ ಹುಡುಗಿಗೆ ಧೈರ್ಯ ಬರುತ್ತದೆ ಎಂದು. ಹೇಳುತ್ತಲೇ ಒಂದೊಂದು ಕಲ್ಲನ್ನೂ ನೋಡುತ್ತಾ ಬಂದು, ಅವಳ ಎದುರಿಗೇ ನಿಂತಿರಿ. ಬಹಳ ಹೊತ್ತು ನಿಂತಿರಿ. ಕರಿ ಕಲ್ಲನ್ನು ಬಲ್ಲ ನಿಮ್ಮ ಕಣ್ಣಿಗೆ ಈ ಬೂದು ಕಲ್ಲು ಹೊಸದು. ಆ ಮುಖವನ್ನಂತೂ ನಿಮ್ಮೂರಲ್ಲಿ ಯಾರೂ ಕಂಡಿರಲಿಲ್ಲ.

"ಇದಕ್ಕ ಒಂದು ಸಲ ಕೈ ಹಚ್ಚಿ ನೋಡ್ತೀನ್ರಿ. ಕಣ್ಣಿಗೆ ತಿಳಿವಲ್ದು, ಕೈಗೆ ತಿಳೀತೈತಿ."

ನೀವು ಕಟಕಟೆಯ ಮೇಲಿಂದ ಕೈ ಚಾಚಿದಿರಿ. ನಾನು ನಡುವೆ ಹೋಗಿ ನಿಂತೆ. ಹೊರಗೆ ಮೋಟಾರಿನ ಸದ್ದು ಕೇಳಿಸುತ್ತಿತ್ತು. ನೀವು ಗುರುತು ಹಿಡಿದು ಬಾಯಿ ಮಾಡಿದರೆ ಸಾಹೇಬರ ಎದುರು ಮಾನ ಹೋಗುತ್ತದೆ, ಕೆಲಸ ಕಾಯಂ ಆಗುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ — ಅವಳು ವಾಪಸು ಹೋಗಿ ಮತ್ತೆ ಎಣ್ಣೆಯೊಳಗೆ ಮುಳುಗುತ್ತಾಳೆ.

"ಮುಟ್ಟಂಗಿಲ್ಲವ್ವ, ಕಾಯಿದೆ ಐತಿ. ಇದು ನಿಮ್ಮ ಕಲ್ಲಲ್ಲ. ಕೆಂಚನಗುಡ್ಡದ್ದು."

ಸಿರುಗುಪ್ಪದವನಾದ ನನ್ನ ಬಾಯಿಗೆ ಪಕ್ಕದ ಕೆಂಚನಗುಡ್ಡವೇ ಮೊದಲು ಬಂತು. ನೀವು ನಂಬಿದಿರಿ. ಓದಿದವನು, ಕೋಟು ತೊಟ್ಟವನು — ಯಾಕೆ ನಂಬಬಾರದು? ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಿರಿ. ಆದರೆ ಹೊರಡಲಿಲ್ಲ. ಅವಳನ್ನೇ ನೋಡುತ್ತಿದ್ದಿರಿ, ಕಣ್ಣು ತುಂಬಿ ಬಂದಿದ್ದವು.

"ಯಾರ ಮನಿ ಮಗಳೋ ಏನೋ. ತುಟಿ ಹೆಂಗ ಕಚ್ಚ್ಯಾಳ ನೋಡ್ರಿ, ಬ್ಯಾನಿ ತಿನ್ನೋರಂಗ." ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಿರಿ: "ಆ ಊರ ಹೆಣ್ಮಕ್ಕಳೂ ಹುಡುಕ್ತಿರ್ತಾರ್ರಿ, ಪಾಪ. ಅವರಿಗರ ಹೇಳಿ ಕಳಸ್ರಿ, ಇಲ್ಲಿ ಅದಾಳಂತ."

ನಾನು 'ಆಗಲವ್ವ' ಅಂದೆ. ಗಿಂಡಿಯನ್ನು ಹಾಗೇ ಹಿಡಿದುಕೊಂಡು ನೀವು ಮೆಟ್ಟಿಲಿಳಿದಿರಿ, ಸಾಹೇಬರು ಮೆಟ್ಟಿಲು ಹತ್ತಿದರು.

ಅವತ್ತೇ ಪೇಂಟರನ ಬಳಿ ಓಡಿ ಹಲಗೆಯ ಮೇಲೆ ಕುರುಗೋಡು ಅಳಿಸಿ ಕೆಂಚನಗುಡ್ಡ ಬರೆಸಿದೆ. ಕೆಲಸ ಕಾಯಂ ಆಯಿತು. ಮೇಷ್ಟರುಗಳು ಮಕ್ಕಳನ್ನು ಕರೆತಂದು ಹಲಗೆ ಓದಿಸಿದರು. ನಿಮ್ಮ ಕುರುಗೋಡಿನ ಮಕ್ಕಳೂ ಬಂದು ಗಟ್ಟಿಯಾಗಿ ಓದಿದರು — ಕೆಂಚನಗುಡ್ಡ. ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಒಮ್ಮೆ ಕೆಂಚನಗುಡ್ಡದ ಹಿರಿಯರೊಬ್ಬರು ಬಂದು, "ನಮ್ಮೂರಾಗ ಇದು ಎಲ್ಲಿತ್ತು? ನಾ ನೋಡೇ ಇಲ್ಲಲ್ಲ" ಅಂದರು. ಅವರು ಹಲಗೆಯನ್ನು ಇನ್ನೊಮ್ಮೆ ಓದಿ, "ಇದ್ದೀತು ಬಿಡ್ರಿ, ನನಗ ಮರವು. ಇಲ್ಲಿ ಬರದಾರಂದ್ರ ಸುಳ್ಳು ಬರೀತಾರೇನು" ಎಂದು ಹೋದರು. ಊರಿನ ಜನ ತಮ್ಮ ನೆನಪಿಗಿಂತ ಹೆಚ್ಚಾಗಿ ನಮ್ಮ ಹಲಗೆಯನ್ನು ನಂಬುತ್ತಾರೆ. ಅಂಥ ನಂಬಿಕೆಯ ಜಾಗವನ್ನು ನಾನೇ ಕೆಡಿಸಿದ್ದೆ.

ಇಲ್ಲಿ ಕಲ್ಲು ಎಲ್ಲರಿಗೂ ಕಾಣುತ್ತದೆ, ನಿಮ್ಮ ಬದುವಿನ ಹತ್ತಿರ ಕೆಲವು ಕೇರಿಯ ಹೆಣ್ಣುಮಕ್ಕಳು ಬರುವಂತೆಯೇ ಇರಲಿಲ್ಲ — ಎಂದು ವರ್ಷಗಟ್ಟಲೆ ನನಗೆ ನಾನೇ ವಾದ ಹೂಡಿದೆ. ವಾದ ಸುಳ್ಳಲ್ಲ. ಆ ವಾದವನ್ನು ನಿಮ್ಮೆದುರು ಇಡಬಹುದಿತ್ತಲ್ಲ? ಇವಳೇ ನಿಮ್ಮ ಕೈಯವ್ವ, ಇಕೋ ಇದು ಅವಳ ಮುಖ ಅನ್ನಬಹುದಿತ್ತು. ನೀವು ಅವಳನ್ನು ನನಗಿಂತ ಚೆನ್ನಾಗಿ ನೋಡಿದಿರಿ. ಅಳು ತಡೆದವಳು ಅಂದುಕೊಂಡಿದ್ದೆ ನಾನು, ಆ ತುಟಿಯಲ್ಲಿ ಹೆರಿಗೆ ನೋವು ಕಂಡವರು ನೀವು. ಬೇಕಾದರೆ ಅಲ್ಲಿಯೇ ಇರಲಿ ಅನ್ನುತ್ತಿದ್ದಿರೋ, ಬಂಡಿ ತರುತ್ತಿದ್ದಿರೋ — ಆ ತೀರ್ಮಾನ ನಿಮ್ಮದಾಗಿತ್ತು.

ಈಗ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದೆ, ಹೊಸ ಅಧಿಕಾರಿಗಳು ಬಂದಿದ್ದಾರೆ. ಅವರಿಗೆ ಎಲ್ಲವನ್ನೂ ಹೇಳಿದ್ದೇನೆ. ಹಲಗೆ ಬದಲಾಗಿದೆ. ನನ್ನ ಕೆಲಸ ಏನಾಗುತ್ತದೋ ಅವರು ಹೇಳಿಲ್ಲ, ನಾನು ಕೇಳಿಲ್ಲ.

ಆದರೆ ಇನ್ನೊಂದು ಪ್ರಶ್ನೆಯನ್ನು ಇಷ್ಟು ವರ್ಷ ಕೇಳದೆ ಉಳಿದವನು ನಾನು. ಕುರುಗೋಡೇನು ಕಾಶಿಯೇ? ಯಾರನ್ನು ವಿಚಾರಿಸಿದ್ದರೂ ತಿಳಿಯುತ್ತಿತ್ತು. ಕುರುಗೋಡಿನವರು ಎದುರು ಬಂದರೆ ರಸ್ತೆ ದಾಟಿಬಿಡುತ್ತಿದ್ದೆ.

ನಾಳೆ ಬರುತ್ತೇನೆ, ಈರಮ್ಮನವರೇ. ಕಲ್ಲಿನ ಮಾತು ಆಮೇಲೆ. ಮೊದಲು ನಿಮ್ಮ ಮಗಳು ಹೇಗಿದ್ದಾಳೆಂದು ಕೇಳುತ್ತೇನೆ. ನೀವು ಏನು ಹೇಳಿದರೂ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತೇನೆ.