ಉಗುರಿನಷ್ಟು ಹೊರಗುಳಿದ ಬೀಗದ ಕೈ

ನಮ್ಮ ತಿಜೋರಿಯನ್ನು ಕೊಳ್ಳುತ್ತೇವೆಂದು ಬರುವವರಿಗೆ ನಾನು ಹೇಳುವುದು ಒಂದೇ ಮಾತು: ಮೊದಲು ಒಂದು ಮೂಲೆಯನ್ನಾದರೂ ಎತ್ತಿ ತೋರಿಸಿ. ಗುಜರಿಯವರು ಬಂದಿದ್ದರು, ಹೋಟೆಲಿನ ಅಲಂಕಾರಕ್ಕೆ ಬೇಕೆಂದು ಕಾರಿನಲ್ಲಿ ಒಬ್ಬರು ಬಂದಿದ್ದರು. ಎಲ್ಲರೂ ಒಮ್ಮೆ ಸೊಂಟ ಹಿಡಿದುಕೊಂಡು, ಕಾಫಿ ಕುಡಿದು ಹೋದರು.

ಎದೆಮಟ್ಟದ ಕಬ್ಬಿಣ. ಅಂಗೈ ಅಗಲ ದಪ್ಪದ ಬಾಗಿಲು, ಹಿತ್ತಾಳೆಯ ಹಿಡಿ. ಚಿತ್ರದುರ್ಗದಲ್ಲಿ ಹತ್ತಿ ಮಂಡಿಯೊಂದು ಮುಚ್ಚಿದಾಗ ನಮ್ಮ ತಾತ ಇದನ್ನು ಕೊಂಡು, ಹೊಳಲ್ಕೆರೆ ದಾರಿಯಲ್ಲಿ ಎತ್ತಿನ ಗಾಡಿಯ ಮೇಲೆ ಹೊಸದುರ್ಗಕ್ಕೆ ತಂದರಂತೆ. ನಡುದಾರಿಯಲ್ಲಿ ಗಾಡಿಯ ಅಚ್ಚು ಮುರಿಯಿತು, ತಿಜೋರಿಯ ಬಣ್ಣ ಕೂಡ ಹೋಗಲಿಲ್ಲ. ನಾನು ಹೊಸ ಮನೆ ಕಟ್ಟಿಸಿದಾಗ ಎಂಟು ಜನ ಹಮಾಲರು ಪೈಪುಗಳ ಮೇಲೆ ಉರುಳಿಸಿ ಅದನ್ನು ಒಳಗೆ ತಂದರು. ಎರಡೇ ವಾರಕ್ಕೆ ಕೆಳಗಿನ ಟೈಲ್ಸು ಬಿರುಕು ಬಿಟ್ಟಿತು. ಮತ್ತೆ ಅದೇ ಎಂಟು ಜನರನ್ನು ಕರೆಸಿ, ಅದೇ ಪೈಪುಗಳ ಮೇಲೆ ಸರಿಸಿ, ಕಡಪ ಕಲ್ಲು ಹಾಕಿಸಬೇಕಾಯಿತು. ಹಳೆಯ ತಿಜೋರಿ ಸಾಕುವುದೆಂದರೆ ಹೀಗೆಯೇ. ಮನೆ ಅದಕ್ಕೆ ಹೊಂದಿಕೊಳ್ಳಬೇಕು, ಅದು ಮನೆಗೆ ಹೊಂದಿಕೊಳ್ಳುವುದಿಲ್ಲ. ಆದರೂ ಅದರ ಮೇಲೆ ನನಗೆ ಪ್ರೀತಿ. ನನ್ನ ಕಾಲದಲ್ಲಿ ಮೂರು ಫ್ರಿಜ್ಜು ಕೆಟ್ಟು ಹೋದವು. ತಾತನ ಕಾಲದಿಂದ ಈ ಬಾಗಿಲಿನ ಒಂದು ಕೀಲೂ ಜಗ್ಗಿಲ್ಲ.

ಕಷ್ಟವಿದ್ದದ್ದು ಬೀಗದ ಕೈಯಲ್ಲಿ. ಗೇಣುದ್ದದ ಒಂದೇ ಒಂದು ಕೈ. ಜೋಡಿಯದು ಯಾವಾಗಲೋ ಕಳೆದುಹೋಗಿದೆ. ಇದ್ದದ್ದು ಅಮ್ಮನ ಸೊಂಟದಲ್ಲಿ. ಎಡಕ್ಕೆ ಎರಡು ಸುತ್ತು, ಬಲಕ್ಕೆ ಅರ್ಧ, ಆಮೇಲೆ ಹಿಡಿಯನ್ನು ಒಂಚೂರು ಮೇಲಕ್ಕೆತ್ತಿ ಎಳೆಯಬೇಕು. ಅಜ್ಜಿ ಅಮ್ಮನಿಗೆ ಹೇಳಿಕೊಟ್ಟದ್ದು ಅದು. ಅಮ್ಮ ಇನ್ನೂ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಮಗಳ ಮದುವೆಗೆ ಎಂಟು ದಿನವಿದ್ದಾಗ ತಿಜೋರಿ ತೆರೆಯಲಿಲ್ಲ. ಮದುಮಗಳಿಗೆ ಹಾಕಬೇಕಾದ ಅಜ್ಜಿಯ ಸರ ಒಳಗಿತ್ತು. ಅಮ್ಮ ಬೆಳಗ್ಗೆ, ಮಧ್ಯಾಹ್ನ, ಸಂಜೆ ತಿರುಗಿಸಿದರು.

"ಕೈ ಪೂರಾ ಒಳಗೆ ಹೋಗ್ತಾ ಇಲ್ಲ ಕಣಪ್ಪ. ಒಂದು ಉಗುರಿನಷ್ಟು ಹೊರಗೇ ಉಳೀತೈತೆ. ತಿಂಗಳಿಂದ ಹೇಳ್ತಾ ಇದ್ದೀನಿ," ಎಂದರು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸುತ್ತು ಮರೆತಿದ್ದೀಯ ನೀನು," ಎಂದೆ ನಾನು.

ಈ ಮಾತು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ಆಗ ನನಗೆ ಕಾರಣವಿತ್ತು. ಆ ತಿಂಗಳು ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದರು. ಮೊಮ್ಮಗಳನ್ನು ಮಾಡದಕೆರೆಯಲ್ಲಿರುವ ನನ್ನ ತಂಗಿಯ ಹೆಸರಿನಲ್ಲಿ ಕರೆದಿದ್ದರು. ಎಂಬತ್ತು ದಾಟಿದೆ, ಅರಳು ಮರಳು ಶುರುವಾಯಿತೆಂದು ನಾನೂ ನನ್ನ ಹೆಂಡತಿಯೂ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೆವು. ಅಮ್ಮನಿಗೆ ಹೇಳದೆ ದಾವಣಗೆರೆಯಲ್ಲಿ ಮರೆವಿನ ಡಾಕ್ಟರ ಹತ್ತಿರ ಚೀಟಿ ಬರೆಸಿದ್ದೆ. ಬೀಗದ ಕೈಯನ್ನು ಇನ್ನು ಮುಂದೆ ಹೆಂಡತಿಯ ಕೈಗೆ ಕೊಡಿಸುವುದೆಂದೂ, ಒಡವೆಗಳನ್ನು ಬ್ಯಾಂಕಿನ ಲಾಕರಿಗೆ ಹಾಕುವುದೆಂದೂ ತೀರ್ಮಾನವಾಗಿತ್ತು. ವೆಲ್ಡಿಂಗ್ ಅಂಗಡಿಯವನಿಗೆ ಗ್ಯಾಸ್ ಕಟರ್ ತರಲು ಹೇಳಿದೆ. ಅದು ಕಿವಿಗೆ ಬಿದ್ದ ಮೇಲೆ ಅಮ್ಮ ಊಟ ಮಾಡಲಿಲ್ಲ. ತಿಜೋರಿಯ ಮುಂದೆ ಸ್ಟೂಲು ಹಾಕಿಕೊಂಡು, ಎಡಕ್ಕೆ ಎರಡು, ಬಲಕ್ಕೆ ಅರ್ಧ ಎಂದು ಬೆರಳಿನಲ್ಲಿ ಗಾಳಿಗೆ ತಿರುಗಿಸುತ್ತಾ ಕುಳಿತಿದ್ದರು. ಅವರಿಗೇ ಅವರ ಮೇಲೆ ಅನುಮಾನ ಬಂದಿತ್ತು. ಅದನ್ನು ನೋಡಲಾಗಲಿಲ್ಲ ನನಗೆ.

ಕಟರ್ ಬರುವ ಮುಂಚೆ ಒಂದು ಪ್ರಯತ್ನ ಮಾಡೋಣವೆಂದು ಚಿತ್ರದುರ್ಗದಿಂದ ಒಬ್ಬ ಸಾಬರನ್ನು ಕರೆಸಿದೆ. ತಮ್ಮ ಅಜ್ಜನ ಕಾಲದಿಂದ ಬೀಗದ ಕೆಲಸ ಅವರ ಮನೆಯವರದು. ಅರವತ್ತೈದು ದಾಟಿದ ಮನುಷ್ಯ, ಬಗಲಲ್ಲಿ ಒಂದು ಚರ್ಮದ ಚೀಲ. ಬಂದವರು ತಿಜೋರಿಯ ನೆತ್ತಿಯ ಮೇಲೆ ಅಂಗೈ ಇಟ್ಟು, "ಆಹಾ, ಎಂಥಾ ಮಾಲು!" ಎಂದರು. ಆಮೇಲೆ ಕೇಳಿದ್ದು ಬೀಗದ ವಿಚಾರವಲ್ಲ.

"ಇದನ್ನ ದಿನಾ ತೆಗೆಯೋರು ಯಾರು?"

"ನಮ್ಮಮ್ಮ, ಇವರೇ. ಆದ್ರೆ ಇವರಿಗೆ ಈಗ ಸ್ವಲ್ಪ..." ಎಂದು ನಾನು ತಲೆಯ ಹತ್ತಿರ ಬೆರಳಾಡಿಸಿದೆ.

ಸಾಬರು ನನ್ನ ಬೆರಳನ್ನು ನೋಡಲೇ ಇಲ್ಲ. ನೆಲದ ಮೇಲೆ ಕುಳಿತು, "ಅಮ್ಮಾ, ನೀವು ಹೇಳ್ರಿ," ಎಂದರು.

ಅಮ್ಮ ಹೇಳಿದರು. ಸುತ್ತು, ಅರ್ಧ ಸುತ್ತು, ಹಿಡಿ ಎತ್ತುವುದು, ಉಗುರಿನಷ್ಟು ಹೊರಗುಳಿಯುವುದು, ಎಲ್ಲ. ಸಾಬರು ಒಂದೊಂದಕ್ಕೂ ಹೂಂಗುಟ್ಟಿದರು. ಒಂದು ದೀಪ ಕೇಳಿದರು. ಬೀಗದ ಕೈಯನ್ನು ದೀಪದ ಮೇಲೆ ಹಿಡಿದು ಮಸಿ ಬರಿಸಿ, ಮೆಲ್ಲಗೆ ತೂತಿಗೆ ಹಾಕಿ, ಅಲುಗಿಸದೆ ಹೊರಗೆಳೆದರು. ಮಸಿ ಎಲ್ಲಿ ಅಳಿಸಿದೆ, ಎಲ್ಲಿ ಉಳಿದಿದೆ ಎಂದು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಓದಿದರು ಎನ್ನುವುದೇ ಸರಿ, ನಾನು ಪೇಪರನ್ನೂ ಅಷ್ಟು ಗಮನವಿಟ್ಟು ಓದುವುದಿಲ್ಲ. ಕೊನೆಗೆ ಬೀಗದ ಕೈಯ ತುದಿಯನ್ನು ಮೂಗಿನ ಹತ್ತಿರ ಹಿಡಿದರು.

"ಕೊಬ್ಬರಿ ಎಣ್ಣೆ ಬಿಟ್ಟೋರು ಯಾರ್ರಿ ಇದಕ್ಕೆ?"

ನಾನು ಫ್ಯಾನು ನೋಡಿದೆ. ನಮ್ಮೂರಲ್ಲಿ ತಲೆನೋವಿಗೂ ಕೊಬ್ಬರಿ ಎಣ್ಣೆ, ಗೇಟು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ. ಚಳಿಗಾಲಕ್ಕೆ ಮುಂಚೆ, ಬೀಗ ಬಿಗಿಯಾಗಿದೆಯೆಂದು ಅಮ್ಮ ಅಂದಾಗ ಅರ್ಧ ಬಟ್ಟಲು ಹೊಯ್ದವನು ನಾನೇ.

"ಶುಕ್ರವಾರ ಶುಕ್ರವಾರ ತೂತಿಗೆ ಕುಂಕುಮ ಇಡ್ತೀರಲ್ಲಮ್ಮ?"

"ಇಡದೆ ಇರ್ತಾರಾ? ನಮ್ಮತ್ತೆ ಕಾಲದಿಂದ ಇಡ್ತೀವಿ. ಆಯುಧಪೂಜೆಗೆ ಅರಿಶಿನ, ವಿಭೂತಿನೂ."

"ಅದು ಒಣ ಪುಡಿ, ಇಷ್ಟು ವರ್ಷ ಸುಮ್ನೆ ಕುಂತಿತ್ತು. ಎಣ್ಣೆ ಬಿದ್ದು, ಚಳಿಗೆ ಗಟ್ಟಿಯಾಗಿ ಸಿಮೆಂಟ್ ಆಗೈತೆ. ಬೀಗ ನೆಟ್ಟಗೈತೆ. ಅಮ್ಮನ ಲೆಕ್ಕಾನೂ ನೆಟ್ಟಗೈತೆ."

ಎರಡು ಗಂಟೆ ಹಿಡಿಯಿತು. ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಟ್ಟು ನೆನೆಸಿ, ಬಗ್ಗಿಸಿದ ಸೈಕಲ್ ಕಡ್ಡಿಯಿಂದ ಎಳ್ಳಷ್ಟೆಳ್ಳಷ್ಟು ಕೆರೆದು ತೆಗೆದರು. ನಡುವೆ ಕಟರಿನವನು ಬಂದು ಬಾಗಿಲಲ್ಲಿ ನಿಂತ. "ಸಾಬ್ರೆ, ನಂಗೆ ಬಿಟ್ರೆ ಹತ್ತು ನಿಮಿಷ," ಎಂದ. "ಹೂನಪ್ಪ, ಕೆಡಿಸಾಕೆ ಹತ್ತೇ ನಿಮಿಷ," ಎಂದರು ಸಾಬರು ತಲೆ ಎತ್ತದೆ. ಕಾಗದದ ಮೇಲೆ ಬಿದ್ದದ್ದು ಹುಣಸೆ ತೊಕ್ಕಿನಂಥ ಕರಿಗೆಂಪು ಮುದ್ದೆ, ಒಳಗೊಳಗೆ ಹಳದಿ. ಅಜ್ಜಿ ಇಟ್ಟದ್ದು ಯಾವುದು, ಅಮ್ಮ ಇಟ್ಟದ್ದು ಯಾವುದು ಎಂದು ಹೇಳುವಂತಿರಲಿಲ್ಲ. ಸಾಬರು ಅದನ್ನು ಚೆಲ್ಲದೆ ಕಾಗದ ಮಡಚಿ ಅಮ್ಮನ ಕೈಗೇ ಕೊಟ್ಟರು, "ಗಿಡದ ಬುಡಕ್ಕೆ ಹಾಕ್ರಿ," ಎಂದರು. ಆ ಒಂದು ನಡತೆಗೆ ನಾನು ಅವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ.

ಬೀಗದ ಕೈ ಈಗ ಉಗುರೂ ಉಳಿಯದೆ ಒಳಗೆ ಹೋಯಿತು. ಸಾಬರು ತಿರುಗಿಸಲಿಲ್ಲ. ಪಕ್ಕಕ್ಕೆ ಸರಿದು, "ಅಮ್ಮಾ, ಬರ್ರಿ. ನಿಮ್ಮ ಕೈ ಗುರುತು ಅದಕ್ಕೆ," ಎಂದರು.

ಅಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಬೀಗದ ಕೈ ಹಿಡಿದರು. ಎಡಕ್ಕೆ ಎರಡು. ಬಲಕ್ಕೆ ಅರ್ಧ. ಹಿಡಿಯನ್ನು ಒಂಚೂರು ಎತ್ತಿದರು. ಒಳಗಿನ ಸಲಾಕೆಗಳು ದಡ್ ಎಂದು ಸರಿದು ಬಾಗಿಲು ತೆರೆಯಿತು. ನನ್ನ ಹೆಂಡತಿ ಅತ್ತಳು. ಅಮ್ಮ ಸರವನ್ನು ಮುಟ್ಟಲಿಲ್ಲ. ಬಾಗಿಲು ಮುಚ್ಚಿ ಬೀಗ ಹಾಕಿ ಮತ್ತೆ ತೆರೆದರು, ಮತ್ತೆ ಮುಚ್ಚಿದರು, ಮೂರು ಸಲ.

ಸಾಬರನ್ನು ಚಿತ್ರದುರ್ಗದ ಬಸ್ಸು ಹತ್ತಿಸಿ ಬಂದಾಗ ಅಮ್ಮ ಅನ್ನ ಕಲಸಿಕೊಂಡು ಉಣ್ಣುತ್ತಿದ್ದರು. ನಾನು ಎದುರಿಗೆ ಕುಳಿತೆ. "ತಪ್ಪಾಯ್ತಮ್ಮ," ಎಂದೆ.

"ನಾಳೆ ದಾವಣಗೆರೆಗೆ ಹೋಗಾಣ," ಎಂದರು. "ಡಾಕ್ಟ್ರ ಹತ್ರ ಚೀಟಿ ಬರೆಸಿದ್ದೀಯಂತಲ್ಲ."

"ಬ್ಯಾಡಮ್ಮ, ನಿಂಗೇನೂ ಆಗಿಲ್ಲ."

"ನಂಗಲ್ಲ ಕಣೋ. ತಿಂಗಳಿಂದ ಹೇಳಿದ್ದೇ ಹೇಳ್ತಾ ಇದ್ದೀನಿ. ನಿನ್ನ ಕಿವಿ ತೋರಿಸ್ಕಂಡು ಬರಾಣ."