ಹನ್ನೊಂದು ದಿನ ಕಡಿಮೆ ಬಿದ್ದ ಮಗಳು

ಜೂನ್ ಒಂದಕ್ಕೆ ಆರು ವರ್ಷ ತುಂಬಿರದ ಮಗುವನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳುವಂತಿಲ್ಲ. ಹೊಸ ಶಿಕ್ಷಣ ನೀತಿಯ ಜೊತೆ ಬಂದ ಈ ನಿಯಮ ನನಗೆ ಗೊತ್ತಾದದ್ದು ಶಿರಾ ಗೇಟ್ ಹತ್ತಿರದ ಮಗಳ ಶಾಲೆಯ ನೋಟಿಸ್ ಬೋರ್ಡಿನಿಂದ. ಅವಳಿಗೆ ಹನ್ನೊಂದು ದಿನ ಕಡಿಮೆ. ಜೊತೆಯವರೆಲ್ಲ ಒಂದನೇ ತರಗತಿಗೆ, ಇವಳೊಬ್ಬಳು ಮತ್ತೆ ಯುಕೆಜಿಗೆ. ಇವಳ ಎಸ್ಸೆಸ್ಸೆಲ್ಸಿ ಮುಗಿಯುವಾಗ ನನಗೆಷ್ಟು ವಯಸ್ಸಾಗಿರುತ್ತದೆ ಎಂದು ಅಲ್ಲೇ ನಿಂತು ಲೆಕ್ಕ ಹಾಕಿದೆ. ಲೆಕ್ಕ ಅವಳ ಮದುವೆ ಮುಟ್ಟುವಷ್ಟರಲ್ಲಿ ವಾಚ್‌ಮನ್, "ಸಾರ್, ಗಾಡಿ ಸ್ವಲ್ಪ ಸೈಡಿಗಾಕಿ" ಎಂದ.

ಕುಣಿಗಲ್‌ನಲ್ಲಿ ಮೇಷ್ಟ್ರಾಗಿರುವ ಹೆಂಡತಿಯ ಅಣ್ಣನಿಗೆ ಫೋನ್ ಮಾಡಿದೆ. "ಇನ್ನೊಂದ್ ವರ್ಷ ಆಡ್ಕೊಂಡಿರ್ಲಿ ಬುಡಿ ಭಾವ. ನೀವು ಬೇಗ ಸೇರಿ ಏನ್ ಡಿಸಿ ಆಗ್ಬುಟ್ರಾ?" ಎಂದು ನಕ್ಕರು.

ಚುಚ್ಚಿತು. ಜೊತೆಗೆ ಒಂದು ಉಪಾಯವೂ ಹೊಳೆಯಿತು. ನಾನು ಬೇಗ ಸೇರಿದ್ದು ಗುಬ್ಬಿಯ ಸರ್ಕಾರಿ ಶಾಲೆಗೆ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆಗ ವಯಸ್ಸಾಯಿತೆಂದು ಅರ್ಥ. ನನ್ನ ಕೈಗೆ ಎಟುಕಲಿಲ್ಲ. ಮೇಷ್ಟ್ರು ನನ್ನ ತಲೆಯನ್ನೇ ಬಗ್ಗಿಸಿ ಮುಟ್ಟಿಸಿ, ಅದಕ್ಕೆ ಹೊಂದುವ ಹುಟ್ಟಿದ ತಾರೀಖನ್ನು ತಾವೇ ಬರೆದುಕೊಂಡರು. ನನ್ನ ಆಧಾರ್‌ನಲ್ಲಿ ಇವತ್ತಿಗೂ ಅದೇ ಇದೆ. ಅಂಥ ಶಾಲೆಗೆ ಹನ್ನೊಂದು ದಿನ ಯಾವ ಲೆಕ್ಕ?

ಮಗಳನ್ನು ಕರೆದುಕೊಂಡು ಗುಬ್ಬಿ ಬಸ್ಸು ಹತ್ತಿದೆ.

ಅಲ್ಲಿನ ಹೆಡ್‌ಮಿಸ್ಸು ನನ್ನ ಕಥೆಯನ್ನೆಲ್ಲ ಕೇಳಿ, ಕಂಪ್ಯೂಟರಿನಲ್ಲಿ ಮಗಳ ಹುಟ್ಟಿದ ತಾರೀಖು ಹಾಕಿದರು. ಕೆಂಪಕ್ಷರ ಬಂತು. "ಇದ್ರ ತಲೆ ಬಗ್ಸಕ್ಕಾಗಲ್ಲ ಸಾರ್," ಎಂದರು. ಆಮೇಲೆ, "ಅಂದಂಗೆ, ನೀವು ಒಂದ್ನೇ ಕ್ಲಾಸಲ್ಲಿ ಹೆಂಗಿದ್ರಿ?"

ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನೆನಪು ಕೆದಕಿದಾಗ ಸಿಕ್ಕಿದ್ದು ಬಾಗಿಲ ಬಳಿ ಸ್ಲೇಟು ತಬ್ಬಿಕೊಂಡು ನಿಂತಿದ್ದದ್ದು, ಪಕ್ಕದವನು ಬರೆದು ಮುಗಿಸಿದನೇ ಎಂದು ಇಣುಕುತ್ತಿದ್ದದ್ದು. ಆ ಇಣುಕುವ ಚಾಳಿ ಆಫೀಸಿನಲ್ಲಿ ಇನ್ನೂ ಬಿಟ್ಟಿಲ್ಲ. ಅಂಟಿದ್ದು ಇಲ್ಲೇ ಇರಬಹುದೇ?

"ಅಳ್ತಿದ್ದೆ ಮೇಡಂ," ಎಂದೆ.

ವಾಪಸು ಬಸ್ಸಿನಲ್ಲಿ ಮಗಳು ಕೇಳಿದಳು: "ಅಪ್ಪಾ, ನಂಗೆ ಓದಕ್ ಬರಲ್ಲ ಅಂತ ಮತ್ತೆ ಯುಕೆಜಿಗ್ ಹಾಕ್ತಾರಾ?"

ಹದಿನೈದು ದಿನದಿಂದ ಊರವರನ್ನೆಲ್ಲ ಕೇಳಿದ್ದೆ, ಇವಳೊಬ್ಬಳನ್ನು ಬಿಟ್ಟು.

"ಇಲ್ಲ ಕಣೇ ಪುಟ್ಟಿ, ನಿಂಗ್ ಎಲ್ಲಾ ಬರುತ್ತೆ. ನೀನು ಹನ್ನೊಂದ್ ದಿನ ಲೇಟಾಗಿ ಹುಟ್ಟಿದ್ಯ, ಅದಕ್ಕೆ."

"ಲೇಟ್ ಮಾಡಿದ್ದು ಯಾರು?"

"ನಿಮ್ಮಮ್ಮನ್ ಕೇಳು."

"ಹಂಗಾದ್ರೆ ಹೊಸ ಮಕ್ಳಿಗೆ ಬಾತ್‌ರೂಮ್ ಎಲ್ಲಿದೆ ಅಂತ ನಾನೇ ತೋರಿಸ್ಬೇಕು," ಎಂದು ಜವಾಬ್ದಾರಿಯ ಮುಖ ಮಾಡಿದಳು.

ಸೋಮವಾರ ಹೋಗಿ ಯುಕೆಜಿ ಫಾರಂ ತುಂಬಿದೆ.